ಪರೀಕ್ಷಿತನ ಮೃಗ

ಪರೀಕ್ಷಿತ ಮಹಾರಾಜನಿಗೆ ಶಾಪ ತಟ್ಟಿದ ಕಥೆಯನ್ನು ಕೇಳದ ವಾಚಕರು ಈ ಪತ್ರಿಕೆಗೆ ವಿರಳ. ಬೇಟೆಗೆ ಹೋದ ಅರಸು ಹಸಿದು ಬಾಯಾರಿ ಶಮೀಕಮುನಿಯ ಆಶ್ರಮವನ್ನು ಹೊಕ್ಕ, ನೀರು ಬೇಡಿದ, ಸಮಾಧಿಸ್ಥನಾಗಿದ್ದ ಮುನಿ ಮಾತನಾಡಲಿಲ್ಲ, ಕೋಪಗೊಂಡ ಅರಸು ಸತ್ತ ಹಾವನ್ನು ಅವನ ಹೆಗಲಿಗೆ ಹಾಕಿ ಹೊರಟುಹೋದ, ಮುನಿಕುಮಾರ ಶೃಂಗಿ ಶಪಿಸಿದ, ಏಳನೆಯ ದಿನ ತಕ್ಷಕ ಕಚ್ಚಿದ. ಹರಿಕಥೆಗಳಲ್ಲಿ, ಪ್ರವಚನಗಳಲ್ಲಿ, ಮಕ್ಕಳ ಪಠ್ಯಪುಸ್ತಕಗಳಲ್ಲಿ ನಾವು ಕೇಳುತ್ತ ಓದುತ್ತ ಬಂದದ್ದು ಈ ಕ್ರಮವನ್ನು. ಇದು ಭಾಗವತದ ಕ್ರಮ. ಮಹಾಭಾರತದ ಆದಿಪರ್ವದಲ್ಲಿ, ಆಸ್ತೀಕಪರ್ವವೆಂಬ ಒಳಪರ್ವದೊಳಗೆ, ಇದೇ ಕಥೆಯನ್ನು ತೆರೆದು ನೋಡಿದರೆ ಅರಸು ಮುನಿಯನ್ನು ಕೇಳುವುದು ನೀರನ್ನಲ್ಲ. ತಾನು ಬಾಣದಿಂದ ಹೊಡೆದ ಮೃಗವೊಂದು ಕಾಣೆಯಾಗಿದೆ, ಅದನ್ನು ಕಂಡಿರಾ ಎಂದು ಕೇಳುತ್ತಾನೆ.

ಇದೊಂದು ಸಣ್ಣ ವ್ಯತ್ಯಾಸವೆಂದು ದಾಟಿಹೋಗುವುದು ಸುಲಭ. ವ್ಯಾಖ್ಯಾನಕಾರರಲ್ಲಿ ಹಲವರು ಹಾಗೆಯೇ ದಾಟಿಹೋಗುತ್ತಾರೆ. ಆದರೆ ನೀರು ಬೇಡುವವನ ಕಥೆಯಲ್ಲಿ ಇರುವವರು ಇಬ್ಬರು, ಬೇಡುವವನು ಮತ್ತು ಕೊಡದೆ ಇದ್ದವನು. ಗಾಯಗೊಂಡ ಮೃಗವನ್ನು ಹುಡುಕುವವನ ಕಥೆಯಲ್ಲಿ ಮೂರನೆಯದೊಂದು ಜೀವವಿದೆ. ಅದು ಬಾಣವನ್ನು ಮೈಯಲ್ಲಿ ಹೊತ್ತು ಎಲ್ಲಿಯೋ ಪೊದೆಯೊಂದರಲ್ಲಿ ಬಿದ್ದುಕೊಂಡಿದೆ. ಆ ಜೀವದ ಮೇಲೆ ಕಣ್ಣಿಟ್ಟು ಈ ಉಪಾಖ್ಯಾನವನ್ನು ಓದಿದರೆ ಅರಸನ ತಪ್ಪು ಯಾವುದು, ಅದು ಎಲ್ಲಿಂದ ಮೊದಲಾಯಿತು ಎಂಬ ವಿಷಯದಲ್ಲಿ ನಮ್ಮ ರೂಢಿಯ ತೀರ್ಮಾನ ನಿಲ್ಲುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲು ಭಾರತದ ಪಾಠವನ್ನು ನೋಡೋಣ. ಪರೀಕ್ಷಿತನು ತನ್ನ ಮುತ್ತಜ್ಜ ಪಾಂಡುವಿನಂತೆ ಬೇಟೆಯಲ್ಲಿ ಆಸಕ್ತನಾಗಿದ್ದನೆಂದು ಕವಿ ಹೇಳುತ್ತಾನೆ. ಒಂದು ದಿನ ಅವನು ಒಂದು ಮೃಗವನ್ನು ಬಾಣದಿಂದ ಭೇದಿಸಿದ. ಮೃಗ ಬೀಳಲಿಲ್ಲ, ದಟ್ಟ ಕಾಡಿಗೆ ಓಡಿತು. ಅರಸು ಬಿಲ್ಲು ಹಿಡಿದು ಅತ್ತ ಇತ್ತ ಹುಡುಕುತ್ತ ಬಹುದೂರ ಹೋದ. ಅವನಿಂದ ಏಟು ತಿಂದ ಮೃಗ ಜೀವಸಹಿತವಾಗಿ ಕಾಡು ಸೇರಿದ್ದು ಅದುವರೆಗೆ ಇರಲಿಲ್ಲವಂತೆ. ಈ ಸಲ ಹಾಗಾದದ್ದು ಅವನ ಮರಣದ ಮುನ್ಸೂಚನೆಯೇ ಆಗಿತ್ತೆಂದು ಕವಿಯ ಮಾತು. ದಣಿದು ಬಾಯಾರಿದ ಅರಸನಿಗೆ ಗೋವುಗಳ ದೊಡ್ಡಿಯಲ್ಲಿ ಕುಳಿತ ಮುನಿಯೊಬ್ಬ ಕಂಡ. ಹಾಲು ಕುಡಿಯುವ ಕರುಗಳ ಬಾಯಿಂದ ಉಕ್ಕಿದ ನೊರೆಯಷ್ಟನ್ನೇ ಆಹಾರವಾಗಿ ಸೇವಿಸುವ ವ್ರತಸ್ಥ ಆತ. ಕರುವಿನ ಪಾಲಿಗೂ ಕೈಯಿಕ್ಕದವನು. ಅಂಥವನನ್ನು ಅರಸು ಕೇಳಿದ್ದು ಗಾಯಗೊಂಡ ಮೃಗದ ಸುದ್ದಿಯನ್ನು. ಮುನಿ ಮೌನವ್ರತದಲ್ಲಿದ್ದ. ಮುಂದಿನದು ವಾಚಕರಿಗೆ ಗೊತ್ತು.

ಈ ಪ್ರಸಂಗವನ್ನು ತೂಗಿ ನೋಡಲು ನಮಗೆ ಒಂದು ತಕ್ಕಡಿ ಬೇಕು. ಗಾಯಗೊಂಡ ಮೃಗವನ್ನು ಹುಡುಕುವುದು ತಾನಾಗಿ ಒಂದು ವಿದ್ಯೆ. ಬೇಟೆ ಬೇರೆ, ಈ ವಿದ್ಯೆ ಬೇರೆ. ಅದನ್ನು ಶಾಸ್ತ್ರವೆನ್ನುವಷ್ಟರ ಮಟ್ಟಿಗೆ ಬೆಳೆಸಿದವರು ಜರ್ಮನ್ ಭಾಷೆಯ ನಾಡುಗಳವರು. ಮಾಂಸವನ್ನೇ ವರ್ಜಿಸಿದ ಪರಂಪರೆಯ ಪತ್ರಿಕೆಯಲ್ಲಿ ಬೇಟೆಗಾರರ ವಿವರಗಳೇಕೆ ಎಂದು ಹಿರಿಯರು ಆಕ್ಷೇಪಿಸಬಹುದು. ಅರಸು ಏನನ್ನು ಮಾಡಿದ, ಏನನ್ನು ಮಾಡಬೇಕಾಗಿತ್ತು ಎಂಬುದನ್ನು ತಿಳಿಯದೆ ಅವನನ್ನು ದೂಷಿಸುವುದೂ ಸರಿಯಲ್ಲ, ಬಿಡಿಸುವುದೂ ಸರಿಯಲ್ಲ ಎಂಬುದೇ ನನ್ನ ಸಮಾಧಾನ.

ಜಿಂಕೆಗೆ ಏಟು ತಗುಲಿ ಅದು ಬೀಳದೆ ಓಡಿತೆನ್ನಿ. ಅರಿಯದವನು ಕೂಡಲೇ ಬೆನ್ನಟ್ಟುತ್ತಾನೆ. ಬಲ್ಲವನು ಅಲ್ಲಿಯೇ ನಿಲ್ಲುತ್ತಾನೆ. ಹಿಂದೆ ಯಾರೂ ಬರುತ್ತಿಲ್ಲವೆಂದಾದರೆ ಗಾಯಗೊಂಡ ಪ್ರಾಣಿ ಬಹುಮಟ್ಟಿಗೆ ಹತ್ತಿರದ ಮರೆಯಲ್ಲಿಯೇ ಮಲಗುತ್ತದೆ; ಬೆನ್ನಟ್ಟಿದರೆ ಆ ನೋವಿನಲ್ಲಿಯೂ ಎದ್ದೆದ್ದು ಓಡುತ್ತ ದೂರ ದೂರ ಹೋಗುತ್ತದೆ. ಆದ್ದರಿಂದ ಮೊದಲು ಏಟು ಬಿದ್ದ ಜಾಗವನ್ನು ಕಂಡುಹಿಡಿದು ಅಲ್ಲೊಂದು ಹಸಿರು ಟೊಂಗೆಯ ಗುರುತಿಡುತ್ತಾರೆ. ಅಲ್ಲಿ ಉದುರಿದ ಕೂದಲು, ಎಲುಬಿನ ಚೂರು, ನೆತ್ತರ ಹನಿ ಇವನ್ನು ಬಾಗಿ ಪರೀಕ್ಷಿಸುತ್ತಾರೆ. ತಿಳಿಗೆಂಪಾಗಿ ನೊರೆಗೂಡಿದ ನೆತ್ತರಾದರೆ ಏಟು ಶ್ವಾಸಕೋಶಕ್ಕೆ. ಮೃಗ ಸಮೀಪದಲ್ಲಿಯೇ ಸತ್ತಿರಬೇಕು. ಕಪ್ಪಿಗೆ ತಿರುಗಿದ ಕೆಂಪಾದರೆ ಯಕೃತ್ತಿಗೆ. ಅರೆಜೀರ್ಣವಾದ ಮೇವಿನ ಎಳೆಗಳು, ದುರ್ವಾಸನೆ ಕಂಡರೆ ಹೊಟ್ಟೆಗೋ ಕರುಳಿಗೋ ತಗುಲಿದೆ. ಆಗ ಸಾವು ನಿಧಾನ, ಯಾತನೆ ದೀರ್ಘ, ಹಲವು ಗಂಟೆ ಕಾಯದೆ ಹೆಜ್ಜೆಯೆತ್ತಲಾಗದು. ಕಾಯುವುದು ಕ್ರೌರ್ಯವಲ್ಲವೇ ಎಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅವಸರದಿಂದ ಎಬ್ಬಿಸಿದ ಪ್ರಾಣಿ ಕೈಗೆ ಸಿಕ್ಕದೆ ದಿನಗಟ್ಟಲೆ ನರಳಿ ಸಾಯುತ್ತದೆಂಬುದು ಅವರ ಅನುಭವದ ಉತ್ತರ.

ಕಾದ ಮೇಲೆ ನಾಯಿ ಬರುತ್ತದೆ. ಹ್ಯಾನೋವರ್ ಸೀಮೆಯಲ್ಲಿ ಅರಮನೆಯ ಬೇಟೆಗಾರರು ಬೆಳೆಸಿದ ತಳಿಯೊಂದು ಈ ಕೆಲಸಕ್ಕೇ ಮೀಸಲು. ಬವೇರಿಯದ ಬೆಟ್ಟಗಳ ತಳಿ ಇನ್ನೊಂದು. ಅವುಗಳಿಗೆ ಜರ್ಮನ್ನಿನಲ್ಲಿ ‘ಶ್ವೈಸ್‌ಹುಂಡ್’ ಎಂದು ಹೆಸರು. ‘ಹುಂಡ್’ ಎಂದರೆ ನಾಯಿ. ‘ಶ್ವೈಸ್’ ಎಂದರೆ ಊರ ಜನರ ಮಾತಿನಲ್ಲಿ ಬೆವರು, ಬೇಟೆಗಾರರ ಮಾತಿನಲ್ಲಿ ಮೃಗದ ನೆತ್ತರು. ನೆತ್ತರನ್ನು ನೆತ್ತರೆಂದು ಕರೆಯಲು ಅವರಿಗೂ ನಾಲಗೆ ತಡವರಿಸಿತೋ ಏನೋ! ಹ್ಯಾನೋವರ್ ತಳಿಯನ್ನು ಕಾಪಾಡಲು ‘ಹಿರ್ಷ್‌ಮನ್’ ಎಂಬ ಸಂಘ ೧೮೯೪ರಲ್ಲಿ ಸ್ಥಾಪಿತವಾಯಿತು.

ಈ ನಾಯಿಯನ್ನು ಬಿಟ್ಟು ಓಡಿಸುವುದಿಲ್ಲ. ಹಲವು ಮಾರು ಉದ್ದದ ತೊಗಲ ಬಾರಿನ ಒಂದು ತುದಿ ಅದರ ಕೊರಳಪಟ್ಟಿಯಲ್ಲಿ, ಇನ್ನೊಂದು ತುದಿ ಮನುಷ್ಯನ ಕೈಯಲ್ಲಿ. ಮೂಗನ್ನು ನೆಲಕ್ಕಿಟ್ಟು ಅದು ಹೆಜ್ಜೆಹೆಜ್ಜೆಯಾಗಿ ನಡೆಯುತ್ತದೆ. ನೆತ್ತರು ಎಷ್ಟೋ ವೇಳೆ ನೂರು ಮಾರಿನೊಳಗೆ ನಿಂತುಹೋಗುತ್ತದೆ. ಮನುಷ್ಯನ ಕಣ್ಣಿಗೆ ಜಾಡು ಅಲ್ಲಿಗೆ ಮುಗಿಯಿತು. ನಾಯಿಗೆ ಮುಗಿಯುವುದಿಲ್ಲ. ಜಿಂಕೆಯ ಗೊರಸುಗಳ ನಡುವಣ ಗ್ರಂಥಿಗಳು ನೆಲದ ಮೇಲೆ ಬಿಟ್ಟ ವಾಸನೆಯನ್ನು ಹಿಡಿದು, ಹಿಂಡಿನ ಇತರ ಜಿಂಕೆಗಳ ಹೆಜ್ಜೆಗಳು ಅಡ್ಡ ಹಾಯ್ದಲ್ಲಿಯೂ ಆ ಒಂದನ್ನೇ ಬಿಡದೆ ಅದು ಅನುಸರಿಸುತ್ತದೆ. ದಾರಿ ತಪ್ಪಿದರೆ ತಾನೇ ಹಿಂದಿರುಗಿ ಸುತ್ತು ಹಾಕಿ ಮತ್ತೆ ಹಿಡಿಯುತ್ತದೆ. ನಡುವೆ ಮೃಗ ಮಲಗಿ ಎದ್ದ ಜಾಗ ಸಿಕ್ಕರೆ, ಅದಿನ್ನೂ ಬೆಚ್ಚಗಿದ್ದರೆ, ಆಗ ಮಾತ್ರ ಬಾರನ್ನು ಬಿಚ್ಚುವುದುಂಟು. ನಾಯಿ ಓಡಿ ಮೃಗವನ್ನು ತಡೆದು ನಿಲ್ಲಿಸಿ ಬೊಗಳುತ್ತದೆ. ಮನುಷ್ಯ ಬಂದು ಆ ಯಾತನೆಯನ್ನು ಮುಗಿಸುತ್ತಾನೆ.

ಈ ಶಿಕ್ಷಣ ಸಾಮಾನ್ಯವಾದುದಲ್ಲ. ಅಲ್ಲಿಯ ಒಂದು ಪರೀಕ್ಷೆಯಲ್ಲಿ ಕಾಲು ಲೀಟರಿನಷ್ಟು ನೆತ್ತರನ್ನು ಹನಿಹನಿಯಾಗಿ ಸಾವಿರ ಮೀಟರಿಗೂ ಮಿಕ್ಕಿದ ದಾರಿಯಲ್ಲಿ ಚಿಮುಕಿಸಿ, ಇಪ್ಪತ್ತು ಗಂಟೆ, ಕಠಿಣತರ ಪರೀಕ್ಷೆಯಾದರೆ ನಲವತ್ತು ಗಂಟೆ ಹಾಗೆಯೇ ಬಿಟ್ಟು, ಆಮೇಲೆ ನಾಯಿಯನ್ನು ಅಲ್ಲಿಗೆ ತರುತ್ತಾರೆ. ನಾಯಿಗಿಂತಲೂ ಹೆಚ್ಚಿನ ಶಿಕ್ಷಣ ಬಾರು ಹಿಡಿದವನಿಗೆ. ಇತ್ತ ಹೋಗಿರಬೇಕೆಂದು ಅವನ ಬುದ್ಧಿ ಹೇಳುತ್ತಿರುವಾಗ ನಾಯಿ ಅತ್ತ ಎಳೆದರೆ ತನ್ನ ಬುದ್ಧಿಯನ್ನು ಬದಿಗಿಟ್ಟು ಅದರ ಹಿಂದೆ ನಡೆಯಲು ಕಲಿಯಬೇಕು. ಜರ್ಮನಿಯ ಬೇಟೆ ಕಾಯಿದೆ ಗಾಯಗೊಂಡ ಮೃಗವನ್ನು ತಪ್ಪಿಸಬಹುದಾದ ನೋವಿಗೆ ಬಿಡದೆ ವಿಳಂಬವಿಲ್ಲದೆ ಅದರ ಸಂಕಟ ಮುಗಿಸುವುದನ್ನು ಕರ್ತವ್ಯವೆಂದು ವಿಧಿಸಿದೆ. ಸ್ವೀಡನ್ನಿನಲ್ಲಿ ಜಿಂಕೆಯಂಥ ದೊಡ್ಡ ಮೃಗಗಳ ಬೇಟೆಗೆ ಹೋಗುವವನಿಗೆ, ಏಟು ತಗುಲಿದ ಜಾಗಕ್ಕೆ ಎರಡು ಗಂಟೆಯೊಳಗೆ ಜಾಡು ಹಿಡಿಯಬಲ್ಲ ನಾಯಿ ಬಂದು ಸೇರುವ ಏರ್ಪಾಡಿರಬೇಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನಾಯಿ ಬಿಟ್ಟು ಜಿಂಕೆಯನ್ನು ಬೇಟೆಯಾಡುವುದು ಅಪರಾಧ. ಗಾಯಗೊಂಡದ್ದನ್ನು ಬಾರಿನ ನಾಯಿಯಿಂದ ಹುಡುಕಲು ಮಾತ್ರ ಪ್ರತ್ಯೇಕ ಲೈಸೆನ್ಸು.

ಈಗ ಪರೀಕ್ಷಿತನತ್ತ ತಿರುಗೋಣ. ಭಾರತ ಈ ಕಥೆಯನ್ನು ಎರಡು ಸಲ ಹೇಳುತ್ತದೆಂಬುದನ್ನು ಇಲ್ಲಿ ಗಮನಿಸಬೇಕು. ಎರಡನೆಯ ಸಲ ಹೇಳುವವರು ಮುಪ್ಪಿನ ಮಂತ್ರಿಗಳು. ಕೇಳುವವನು ಪರೀಕ್ಷಿತನ ಮಗ ಜನಮೇಜಯ. ಮಂತ್ರಿಗಳ ಮಾತಿನಲ್ಲಿ ಮೊದಲ ನಿರೂಪಣೆಯಲ್ಲಿ ಇಲ್ಲದ ಕೆಲವು ವಿವರಗಳಿವೆ. ಮೃಗವನ್ನು ಹೊಡೆದೊಡನೆ ಅರಸು ತ್ವರೆಯಿಂದ ಅದರ ಬೆನ್ನಟ್ಟಿದ. ಕಾಲ್ನಡಿಗೆಯಲ್ಲಿ ಹೋದ. ಸೊಂಟಕ್ಕೆ ಕತ್ತಿ, ಕೈಯಲ್ಲಿ ಬಿಲ್ಲು, ಬತ್ತಳಿಕೆ. ವಯಸ್ಸು ಅರವತ್ತು, ಮುಪ್ಪು ಅಡರಿತ್ತು. ಗಹನವಾದ ಕಾಡಿನಲ್ಲಿ ಮೃಗ ಸಿಕ್ಕಲಿಲ್ಲ.

ತ್ವರೆ ಎಂಬ ಆ ಒಂದು ಮಾತಿನಲ್ಲಿ ಎಲ್ಲವೂ ಇದೆ. ಮೃಗವನ್ನು ದೂರ ಓಡಿಸಿದವನು ಅರಸನೇ. ವಿಧಿ ಅದನ್ನು ಮರೆಮಾಡಿತೆಂದು ಮೊದಲ ನಿರೂಪಣೆ ಸೂಚಿಸುತ್ತದೆ. ಮಂತ್ರಿಗಳ ನಿರೂಪಣೆ ವಿಧಿಯನ್ನು ಕರೆಯುವುದಿಲ್ಲ, ಮುದುಕನೊಬ್ಬನ ಅವಸರವನ್ನು ಮಾತ್ರ ಹೇಳುತ್ತದೆ. ಆಶ್ರಮದಲ್ಲಿ ನಡೆದದ್ದು ಬೇರೆಯೇನಲ್ಲ. ಉತ್ತರ ಕೊಡದ ಮುನಿಯ ಮುಂದೆ ಒಂದು ಗಳಿಗೆ ಕಾದಿದ್ದರೆ ಮೌನವ್ರತವೆಂಬುದು ತಿಳಿಯುತ್ತಿತ್ತು. ಕಾಡಿನಲ್ಲಿ ಕಾಯಲಾರದವನು ಆಶ್ರಮದಲ್ಲಿ ಕಾಯಲಾರದೆ ಹೋದ. ಹೀಗೆ ಓದಿದರೆ ಹಾವನ್ನು ಎತ್ತಿ ಹಾಕಿದ್ದು ಆ ದಿನದ ಮೊದಲ ತಪ್ಪಾಗದೆ ಎರಡನೆಯದಾಗುತ್ತದೆ, ಮತ್ತು ಎರಡೂ ಒಂದೇ ಬೇರಿನವು.

ಇದು ಲೇಖಕನ ಕಲ್ಪನೆಯೆಂದು ತಳ್ಳಿಹಾಕಲು ಹೊರಟವರು ಪಾಂಡುವಿನ ಹೆಸರು ಅಲ್ಲಿ ಏಕೆ ಬಂದಿತೆಂಬುದನ್ನು ವಿಚಾರಿಸಬೇಕು. ಪಾಂಡು ಕೂಡಿದ್ದ ಜಿಂಕೆಗಳಿಗೆ ಬಾಣಬಿಟ್ಟು ಶಾಪ ಪಡೆದವನು. ಗಂಡುಜಿಂಕೆಯ ರೂಪದಲ್ಲಿದ್ದ ಕಿಂದಮ ಮುನಿಗೂ ಪಾಂಡುವಿಗೂ ಅಲ್ಲಿ ದೀರ್ಘವಾದ ವಾದ ನಡೆಯುತ್ತದೆ. ಅರಸರು ಮೃಗವಧೆ ಮಾಡುವುದು ರೂಢಿಯೆಂದು ಪಾಂಡು. ವಧೆಗಾಗಿ ನಿನ್ನನ್ನು ನಿಂದಿಸುತ್ತಿಲ್ಲ, ನಮ್ಮ ಕೂಟ ಮುಗಿಯುವವರೆಗೆ ನೀನು ಕಾಯಲಿಲ್ಲವೆಂದು ಕಿಂದಮ. ಮುತ್ತಜ್ಜನೂ ಕಾಯಲಿಲ್ಲ, ಮರಿಮಗನೂ ಕಾಯಲಿಲ್ಲ. ಇಬ್ಬರ ಮರಣವೂ ಜಿಂಕೆಯ ಮೂಲಕ ಬಂದಿತು. ಕವಿ ಹೆಸರು ಹೇಳಿ ಜೋಡಿಸಿದ್ದನ್ನು ನಾವು ಬಿಡಿಸಿ ಓದುತ್ತಿದ್ದೇವೆ, ಅಷ್ಟೆ.

ಇನ್ನು, ಶಿವಭಕ್ತರಾದ ವಾಚಕರ ಗಮನಕ್ಕೆ ವಿಶೇಷವಾಗಿ ಬರಬೇಕಾದ ಮಾತೊಂದಿದೆ. ಗಾಯಗೊಂಡ ಮೃಗವನ್ನು ಅರಸುತ್ತ ಹೋಗುವ ಪರೀಕ್ಷಿತನಿಗೆ ಭಾರತಕಾರನು ಕೊಟ್ಟ ಉಪಮಾನ ಭಗವಾನ್ ರುದ್ರ. ಯಜ್ಞಮೃಗವನ್ನು ಭೇದಿಸಿ ಬಿಲ್ಲು ಹಿಡಿದು ಆಕಾಶದಲ್ಲಿ ಅದರ ಹಿಂದೆ ಹುಡುಕುತ್ತ ನಡೆದ ರುದ್ರನಂತೆ ಅರಸು ನಡೆದನಂತೆ. ಈ ಉಪಮಾನ ವಾಚಕರಿಗೆ ಇನ್ನೆಲ್ಲಿಯೋ ಕೇಳಿದಂತೆನಿಸಿದರೆ ಆಶ್ಚರ್ಯವಿಲ್ಲ. ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಶಾಕುಂತಲದ ಮೊದಲ ಅಂಕವನ್ನು ಬಾಯಿಪಾಠ ಮಾಡಿದ ಹಳೆಯ ವಿದ್ಯಾರ್ಥಿಗಳಿಗೆ, ಬಸವಪ್ಪಶಾಸ್ತ್ರಿಗಳ ಕನ್ನಡ ಶಾಕುಂತಲವನ್ನು ಓದಿದವರಿಗೆ, ದುಷ್ಯಂತನ ಸಾರಥಿ ಆಡುವ ಮಾತು ನೆನಪಿರಬೇಕು. ಜಿಂಕೆಯ ಹಿಂದೆ ರಥವೇರಿ ಬಂದ ದೊರೆಯನ್ನು ನೋಡಿ, ಮೃಗವನ್ನು ಅನುಸರಿಸುವ ಪಿನಾಕಿಯನ್ನೇ ಕಂಡಂತಾಗುತ್ತಿದೆ ಎನ್ನುತ್ತಾನೆ ಅವನು.

ಉಪಮಾನ ಒಂದೇ, ಜಿಂಕೆ ಬೇರೆ. ಕಾಳಿದಾಸನ ಜಿಂಕೆಗೆ ಬಾಣ ತಗುಲುವುದಿಲ್ಲ. ವೈಖಾನಸರು ಅಡ್ಡಬಂದು ತಡೆಯುತ್ತಾರೆ, ದೊರೆ ಹೂಡಿದ ಬಾಣವನ್ನು ಹಿಂದಕ್ಕೆ ತೆಗೆಯುತ್ತಾನೆ. ಭಾರತದ ಮೂಲಕಥೆಯಲ್ಲಿ ದುಷ್ಯಂತನು ಸೈನ್ಯಸಮೇತನಾಗಿ ಬಂದು ಕಾಡಿನ ಮೃಗಗಳನ್ನು ಸಿಕ್ಕಸಿಕ್ಕಂತೆ ಕೊಂದು, ಆಮೇಲೆ ಕಣ್ವಾಶ್ರಮದ ಕಡೆಗೆ ಬಂದವನು. ಅಲ್ಲಿ ಗಾಯಗೊಂಡು ಬಿದ್ದ ಪ್ರಾಣಿಗಳ ವರ್ಣನೆಯೇ ಇದೆ. ಕಾಳಿದಾಸನ ಕೈ ಅದೆಲ್ಲವನ್ನೂ ಒರೆಸಿ ಒಂದು ಸುಂದರವಾದ, ಗಾಯವಿಲ್ಲದ, ಕೊರಳು ತಿರುಗಿಸಿ ನೋಡುತ್ತ ಓಡುವ ಜಿಂಕೆಯನ್ನು ಇಟ್ಟಿತು. ಕಾವ್ಯವಾಗಿ ಅದಕ್ಕಿಂತ ಮಿಗಿಲಾದುದಿಲ್ಲ. ಆದರೂ ಕೇಳಬೇಕೆನಿಸುತ್ತದೆ: ಬಾಣ ತಗುಲದ ಜಿಂಕೆಯ ಮೇಲೆ ದಯೆ ತೋರುವುದು ಎಷ್ಟು ಕಷ್ಟ? ತಗುಲಿದ ಜಿಂಕೆಯ ಪ್ರಶ್ನೆಯನ್ನು ಕಾಳಿದಾಸ ಎತ್ತಿಕೊಳ್ಳಲೇ ಇಲ್ಲ. ವ್ಯಾಸರು ಎತ್ತಿಕೊಂಡರು.

ರುದ್ರನ ಆ ಮೃಗ ಇಂದಿಗೂ ಆಕಾಶದಲ್ಲಿದೆ. ಐತರೇಯ ಬ್ರಾಹ್ಮಣದ ಪ್ರಕಾರ ಮೃಗಶಿರಾ ನಕ್ಷತ್ರವೇ ಆ ಮೃಗ, ಮೃಗವ್ಯಾಧವೇ ಬೇಟೆಗಾರ, ಸಾಲಾಗಿ ತೋರುವ ಮೂರು ಚುಕ್ಕೆಗಳು ಅದಕ್ಕೆ ನಾಟಿದ ಮುಪ್ಪುರಿಯ ಬಾಣ. ಗ್ರೀಕರು ಅದೇ ಚುಕ್ಕೆಗಳಲ್ಲಿ ಓರಾಯನನೆಂಬ ಬೇಟೆಗಾರನನ್ನು ಕಂಡರು. ನಾವು ಮೃಗವ್ಯಾಧವೆನ್ನುವುದು ಅವರಿಗೆ ಆ ಬೇಟೆಗಾರನ ನಾಯಿ. ಮೂರು ಚುಕ್ಕೆಗಳು ಅವನ ನಡುಪಟ್ಟಿ. ಅವರ ಆಕಾಶದಲ್ಲಿ ಬೇಟೆಗಾರನಿಗೆ ನಾಯಿಯುಂಟು, ನಮ್ಮ ಆಕಾಶದಲ್ಲಿ ಮೃಗಕ್ಕೆ ಗಾಯವುಂಟು. ನಮ್ಮ ದೇವಾಲಯಗಳ ಶಿವಮೂರ್ತಿಗಳು ಮೇಲಿನ ಕೈಯಲ್ಲಿ ಒಂದು ಹುಲ್ಲೆಮರಿಯನ್ನು ಹಿಡಿದಿರುವುದನ್ನು ವಾಚಕರೆಲ್ಲ ಕಂಡಿದ್ದಾರೆ. ರುದ್ರನ ಮೃಗ ಕಳೆದುಹೋಗಲಿಲ್ಲ. ಪರೀಕ್ಷಿತನನ್ನು ಆ ರುದ್ರನಿಗೆ ಹೋಲಿಸಿ, ಮರುಕ್ಷಣದಲ್ಲಿ ಅವನ ಮೃಗವನ್ನು ಕಳೆಯುವುದರಲ್ಲಿ ಹೋಲಿಕೆಯೇ ಒಂದು ವಿಮರ್ಶೆಯಾಗಿದೆ.

ನಾಯಿಯೆಂದ ಮೇಲೆ ಸರಮೆಯನ್ನು ಬಿಡುವಂತಿಲ್ಲ. ಋಗ್ವೇದದ ಸರಮೆ ಪಣಿಗಳು ಕದ್ದೊಯ್ದ ಗೋವುಗಳ ಜಾಡು ಹಿಡಿದು ರಸಾ ನದಿಯನ್ನು ದಾಟಿಹೋದ ದೇವತೆಗಳ ನಾಯಿ. ಕಳೆದದ್ದನ್ನು ಹುಡುಕುವ ನಾಯಿಗೆ ನಮ್ಮ ಸಾಹಿತ್ಯದಲ್ಲಿ ಅವಳೇ ಆದಿ. ಸಂಸ್ಕೃತದಲ್ಲಿ ನಾಯಿಗೆ ‘ಸಾರಮೇಯ’ ಎಂಬ ಹೆಸರು ಬಂದದ್ದು ಅವಳಿಂದ. ಅಂಥ ಸರಮೆಯ ಮರಿಯೊಂದು ಭಾರತದ ಆರಂಭದಲ್ಲಿಯ ಪೌಷ್ಯಪರ್ವದಲ್ಲಿ ಬರುತ್ತದೆ. ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರಯಾಗ ಮಾಡುತ್ತಿದ್ದಾಗ ಹತ್ತಿರ ಬಂದ ಅದನ್ನು ಅವನ ತಮ್ಮಂದಿರು ಹೊಡೆದು ಓಡಿಸಿದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ಸರಮೆ ಬಂದು ಕೇಳಿದಾಗ ಯಾರೂ ಉತ್ತರ ಕೊಡಲಿಲ್ಲ. ನಿರಪರಾಧಿಯನ್ನು ಹೊಡೆದ ನಿಮಗೆ ಕಾಣದ ಭಯ ಬಂದೊದಗಲಿ ಎಂದು ಶಪಿಸಿ ಹೋದಳು. ಅಪ್ಪ ಗಾಯಗೊಂಡ ಮೃಗವನ್ನು ಕಳೆದ. ಮಕ್ಕಳು ಜಾಡು ಹಿಡಿಯುವ ನಾಯಿಯ ವಂಶವನ್ನು ಹೊಡೆದರು. ಇವೆರಡನ್ನು ಅಷ್ಟು ಹತ್ತಿರದಲ್ಲಿ ಇಟ್ಟ ಗ್ರಂಥ ಕೊನೆಯಲ್ಲಿ ಧರ್ಮರಾಜನ ಹಿಂದೆ ಒಂದು ನಾಯಿಯನ್ನು ನಡೆಸುತ್ತದೆ.

ವ್ಯಾಸರ ತರುವಾಯ ಕವಿಗಳು ನಾಯಿಯನ್ನು ಈ ಕೆಲಸಕ್ಕೆ ಕರೆಯಲಿಲ್ಲ. ಮಹಾಕಾವ್ಯದ ವರ್ಣನಾಂಗಗಳಲ್ಲಿ ಮೃಗಯೆಯನ್ನೂ ವಿಶ್ವನಾಥನ ಸಾಹಿತ್ಯದರ್ಪಣ ಎಣಿಸುತ್ತದೆ. ನಮ್ಮ ಕಾವ್ಯಗಳ ಬೇಟೆಯ ಭಾಗಗಳಲ್ಲಿ ನಾಯಿಗಳು ಹಿಂಡುಹಿಂಡಾಗಿ ಬರುತ್ತವೆ. ಬಲೆ, ಕೂಗು, ಕೊಂಬು, ಗದ್ದಲ ಎಲ್ಲವೂ ಇವೆ. ರಾಘವಾಂಕನ ಹರಿಶ್ಚಂದ್ರನೂ ಬೇಟೆಯ ಭರದಲ್ಲಿಯೇ ವಿಶ್ವಾಮಿತ್ರನ ಆಶ್ರಮಕ್ಕೆ ಬಂದು ಸಿಕ್ಕಿಬಿದ್ದವನು. ಗದ್ದಲ ಅಡಗಿದ ಮೇಲೆ, ಸಂಜೆಗೆ, ಒಂದು ನಾಯಿಯೊಡನೆ ಒಬ್ಬ ಮನುಷ್ಯ ಸದ್ದಿಲ್ಲದೆ ನೆತ್ತರ ಹನಿಗಳ ಹಿಂದೆ ಹೋಗುವ ಚಿತ್ರ ನಾನು ಓದಿದ ಕನ್ನಡ ಕಾವ್ಯಗಳಲ್ಲಿ ನನಗೆ ಸಿಕ್ಕಿಲ್ಲ. ನಾಡಿನ ನಾಯಿಗಳ ಸ್ವಭಾವವೂ ಇದಕ್ಕೆ ಒಂದಿಷ್ಟು ಕಾರಣವಿದ್ದೀತು. ನಮ್ಮ ಹೆಮ್ಮೆಯ ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ಬಯಲಿನಲ್ಲಿ ಕಂಡದ್ದನ್ನು ಓಡಿ ಹಿಡಿಯುತ್ತದೆ. ಮೂಗಿನಿಂದ ನಿನ್ನೆಯ ಜಾಡನ್ನು ಓದುವುದು ಅದರ ಹುಟ್ಟುಗುಣವಲ್ಲ.

ಕವಿಗಳು ಕೊಡದ ಗೌರವವನ್ನು ಶಾಸನವೊಂದು ಕೊಟ್ಟಿದೆ. ಈಗಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನದು, ಹತ್ತನೆಯ ಶತಮಾನದ ನಡುವಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಗಂಗ ಬೂತುಗನ ಬಂಟ ಮಣಲೇರನಿಗೆ ಏನು ಬೇಕೆಂದು ಮೆಚ್ಚಿ ಕೇಳಿದಾಗ ಅವನು ಊರನ್ನೂ ಹೊನ್ನನ್ನೂ ಬೇಡದೆ ‘ಕಾಳಿ’ ಎಂಬ ನಾಯಿಯನ್ನು ಬೇಡಿದ. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಎರಡೂ ಸತ್ತವು. ಅದರ ನೆನಪಿಗೆ ಶಿವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಗುಡಿಯ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಕೂಡದೆಂದು ವಿಧಿಸಿದರು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಕಾದಿ ಮಡಿದ ನಾಯಿ, ಜಾಡು ಹಿಡಿದ ನಾಯಿಯಲ್ಲ. ಆದರೆ ಶೈವ ಪೂಜಾರಿಯೊಬ್ಬ ಪ್ರತಿದಿನ ಉಣ್ಣುವ ಮುನ್ನ ಬೇಟೆಯ ನಾಯಿಯೊಂದನ್ನು ನೆನೆಯಬೇಕಾಗಿತ್ತೆಂಬುದು ನಮ್ಮ ನಾಡಿನ ಸಂಗತಿ.

ಇಲ್ಲಿಗೆ ಬಂದಾಗ ವಾಚಕರ ಮನಸ್ಸಿನಲ್ಲಿ ಕುಳಿತಿರುವ ಆಕ್ಷೇಪಕ್ಕೆ ಮುಖಾಮುಖಿಯಾಗಲೇಬೇಕು. ಹೊಡೆದ ಮೇಲೆ ಹುಡುಕುವುದು ಯಾವ ದಯೆ? ಗಾಯ ಮಾಡಿದ ಕೈಯೇ ಗಾಯದ ಬಗೆಗೆ ಮರುಗುವುದು ಬೂಟಾಟಿಕೆಯಲ್ಲವೇ? ಹೊಡೆಯದೇ ಇದ್ದರೆ ನಾಯಿಯೂ ಬೇಡ, ಬಾರೂ ಬೇಡ.

ಈ ಆಕ್ಷೇಪ ಬಲವಾದದ್ದು, ಮತ್ತು ನಮ್ಮ ಪರಂಪರೆಯ ಹೃದಯದಿಂದ ಬಂದದ್ದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವನ್ನು ಬರೆಯಿಸಿದ್ದು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ. ಅದರಲ್ಲಿ ಜಿಂಕೆಯ ಬೇಟೆಯ ಬಗೆಗಳೂ ನಾಯಿಗಳ ಲಕ್ಷಣಗಳೂ ರಾಜನ ‘ವಿನೋದ’ಗಳ ಸಾಲಿನಲ್ಲಿ ವಿಸ್ತಾರವಾಗಿ ಬಂದಿವೆ. ಕೆಲವೇ ದಶಕಗಳ ಅನಂತರ ಅದೇ ಕಲ್ಯಾಣದಲ್ಲಿ ಬಸವಣ್ಣನವರು ಹಬ್ಬದ ಹರಕೆಯ ಕುರಿಯನ್ನು ಕುರಿತು ಆಡಿದ ವಚನವನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ. ತನ್ನನ್ನು ಕೊಲ್ಲುವ ಹಬ್ಬದ ತೋರಣದ ಎಲೆಯನ್ನು ಮೇಯುವ ಆ ಕುರಿಯ ಕಡೆಯಿಂದ ನೋಡಿದ ಮಾತು ಅದು. ಅರಸು ವಿನೋದವೆಂದದ್ದನ್ನು ಶರಣರು ಪ್ರಾಣಿಯ ಪಕ್ಕದಲ್ಲಿ ನಿಂತು ನೋಡಿದರು. ನಮ್ಮ ದೇಶದ ಕಾನೂನು ಬಹಳ ತಡವಾಗಿಯಾದರೂ ಅತ್ತ ನಡೆದಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದಕ್ಕೆ ೧೯೯೧ರಲ್ಲಿ ಬಂದ ತಿದ್ದುಪಡಿ ಇವುಗಳಿಂದ ಕಡವೆ, ಚುಕ್ಕೆಜಿಂಕೆ, ಕೃಷ್ಣಮೃಗಗಳ ಬೇಟೆ ಇಲ್ಲಿ ಅಪರಾಧ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ‘ರಾಣಾ’ ಎಂಬ ನಾಯಿ ಜಾಡು ಹಿಡಿದದ್ದು ಕಳ್ಳಬೇಟೆಗಾರರದ್ದು.

ಆದರೂ ಆಕ್ಷೇಪ ಪೂರ್ಣವಲ್ಲ. ಹೊಡೆಯಬಾರದಾಗಿತ್ತೆಂಬ ಮಾತು ಹೊಡೆದ ಕ್ಷಣದವರೆಗೆ ಮಾತ್ರ ಮೃಗಕ್ಕೆ ಉಪಯುಕ್ತ. ಆಮೇಲೆ ಅದರ ಮೈಯಲ್ಲಿ ಬಾಣವಿದೆ; ನಮ್ಮ ಸಿದ್ಧಾಂತ ಎಷ್ಟೇ ಶುದ್ಧವಾಗಿರಲಿ, ಅದು ಪೊದೆಯಲ್ಲಿ ನರಳುತ್ತಿದೆ. ಹೊಡೆದವನು ಪಾಪಿಯೆಂದು ತೀರ್ಪು ಕೊಟ್ಟು ನಾವು ಮನೆಗೆ ಬಂದರೆ ಅದರ ರಾತ್ರಿ ಕಿಂಚಿತ್ತೂ ಹಗುರಾಗುವುದಿಲ್ಲ. ಜರ್ಮನ್ ಬೇಟೆಗಾರನ ಬಾರಿನ ನಾಯಿ ಅವನನ್ನು ನಿರ್ದೋಷಿಯನ್ನಾಗಿ ಮಾಡುತ್ತದೆಂದು ನಾನು ಹೇಳುತ್ತಿಲ್ಲ. ಆ ಜನರಲ್ಲಿ ಕೆಲವರು ಹಾಗೆ ಭಾವಿಸುವುದುಂಟು. ಹುಡುಕುವ ವಿಧಿಗಳ ಸೊಗಸಿನಲ್ಲಿ ಹೊಡೆದದ್ದನ್ನೇ ಮರೆಯುವುದುಂಟು. ಅದು ಆತ್ಮವಂಚನೆ. ಆದರೆ ಮಾಡಿದ ಗಾಯದ ಹಿಂದೆ ಅದರ ಕೊನೆಯವರೆಗೆ ನಡೆದುಹೋಗುವುದು ಒಂದು ಋಣವೆಂದು ಒಪ್ಪಿದವನಿಗೂ, ಒಪ್ಪದೆ ಇನ್ನೊಂದು ಮೃಗವನ್ನು ಅರಸಿ ಹೋಗುವವನಿಗೂ ಅಂತರವಿದೆ. ಕಿಂದಮನ ವಾದದ ತಿರುಳೂ ಅದೇ. ಪರೀಕ್ಷಿತನಿಗೆ ಆ ಋಣದ ಅರಿವು ಇಲ್ಲದಿರಲಿಲ್ಲ, ಇಲ್ಲದಿದ್ದರೆ ಅರವತ್ತರ ಅರಸು ಹಸಿದ ಹೊಟ್ಟೆಯಲ್ಲಿ ಕಾಲ್ನಡಿಗೆಯಿಂದ ಅಷ್ಟು ದೂರ ಬರುತ್ತಿರಲಿಲ್ಲ. ಅರಿವಿತ್ತು, ತಾಳ್ಮೆಯಿರಲಿಲ್ಲ. ಈ ಕಾರಣದಿಂದಲೇ ಭಾರತದ ಪರೀಕ್ಷಿತನು ಭಾಗವತದ ಪರೀಕ್ಷಿತನಿಗಿಂತ ನನಗೆ ದೊಡ್ಡ ಪಾತ್ರವಾಗಿ ತೋರುತ್ತಾನೆ. ನೀರು ಸಿಗಲಿಲ್ಲವೆಂದು ಕೋಪಗೊಂಡವನು ದಣಿದ ಮನುಷ್ಯ, ಅಷ್ಟೆ. ಋಣ ತೀರಿಸಲು ಹೊರಟು ದಾರಿಯಲ್ಲಿ ಇನ್ನೊಂದು ಋಣವನ್ನು ಹೊತ್ತವನ ದುರಂತ ಬೇರೆಯ ಎತ್ತರದ್ದು.

ಭಾಗವತಕ್ಕೆ ಅನ್ಯಾಯ ಮಾಡಬಾರದು. ಅದರ ಉದ್ದೇಶ ಅರಸನನ್ನು ಗಂಗೆಯ ದಡಕ್ಕೆ, ಶುಕಮುನಿಯ ಸನ್ನಿಧಿಗೆ ತರುವುದು. ಏಳು ದಿನಗಳ ಶ್ರವಣಕ್ಕೆ ಪೀಠಿಕೆಯಾಗಿ ಒಂದು ಶಾಪ ಬೇಕಾಗಿತ್ತು. ಹಸಿವು ಬಾಯಾರಿಕೆಗಳಿಂದ ಹುಟ್ಟಿದ ಕ್ಷಣಿಕ ಕೋಪ ಅದಕ್ಕೆ ಸಾಕಾಯಿತು. ಭಕ್ತನಾದ ಶ್ರೋತೃವಿನ ಮೇಲೆ ಅದಕ್ಕಿಂತ ಭಾರವಾದ ಹೊರೆಯನ್ನು ಹೊರಿಸಲು ಪುರಾಣಕಾರನಿಗೆ ಮನಸ್ಸಾಗಲಿಲ್ಲವೆಂದು ತೋರುತ್ತದೆ. ಅಲ್ಲಿಯೂ ಅರಸು ಮೃಗಗಳನ್ನು ಹಿಂಬಾಲಿಸಿ ದಣಿದಿದ್ದಾನೆ, ಆದರೆ ‘ಮೃಗಗಳು’. ಬಾಣ ನಾಟಿದ ಆ ಒಂದು ಇಲ್ಲ. ಪ್ರವಚನಕಾರರು ಸರಳವಾದುದನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಹೇಳುವಾಗ ಆದಿಪರ್ವದ ಪಾಠವನ್ನೂ ಒಮ್ಮೆ ಪಕ್ಕದಲ್ಲಿಟ್ಟು ನೋಡಲಿ ಎಂಬಷ್ಟೇ ನನ್ನ ವಿನಂತಿ.

ಆದಿಪರ್ವದಲ್ಲಿಯಾದರೂ ಆ ಮೃಗ ಕೊನೆಗೆ ಏನಾಯಿತೆಂಬುದು ತಿಳಿಯುವುದಿಲ್ಲ. ಶಮೀಕನು ಮಗನನ್ನು ಗದರಿಸಿ, ಗೌರಮುಖನೆಂಬ ಶಿಷ್ಯನ ಮೂಲಕ ಅರಸನಿಗೆ ಎಚ್ಚರಿಕೆ ಕಳುಹಿಸುತ್ತಾನೆ. ಅರಸು ಮುನಿಯನ್ನು ನೋಯಿಸಿದ್ದಕ್ಕಾಗಿ ಪರಿತಪಿಸುತ್ತಾನೆ. ಒಂಟಿ ಕಂಬದ ಉಪ್ಪರಿಗೆಯಲ್ಲಿ ಕಾವಲಿನೊಳಗೆ ಕುಳಿತು ತಕ್ಷಕನಿಗೆ ಬಲಿಯಾಗುತ್ತಾನೆ. ವರ್ಷಗಳ ತರುವಾಯ ಮಂತ್ರಿಗಳು ಜನಮೇಜಯನಿಗೆ ಎಲ್ಲವನ್ನೂ ಮೊದಲಿನಿಂದ ಹೇಳುವಾಗ ಗಾಯಗೊಂಡು ಕಾಣೆಯಾದ ಮೃಗದಿಂದಲೇ ಪ್ರಾರಂಭಿಸುತ್ತಾರೆ. ಜನಮೇಜಯನು ತಕ್ಷಕನ ವಿಷಯವನ್ನು ಕೆದಕಿ ಕೇಳುತ್ತಾನೆ. ನಿರ್ಜನವಾದ ಕಾಡಿನಲ್ಲಿ ತಕ್ಷಕನಿಗೂ ಕಾಶ್ಯಪನಿಗೂ ನಡೆದ ಸಂವಾದವನ್ನು ಕಂಡವರು ಯಾರು, ನಿಮಗೆ ತಿಳಿದದ್ದು ಹೇಗೆ ಎಂದು ವಿಚಾರಿಸುತ್ತಾನೆ. ಸೌದೆಗಾಗಿ ಮರ ಹತ್ತಿದ್ದವನೊಬ್ಬ ಕಂಡನೆಂದು ಅವರು ಉತ್ತರಿಸುತ್ತಾರೆ. ಕೈ ಹಿಸುಕಿಕೊಂಡು, ಕಣ್ಣೀರು ಸುರಿಸಿ, ಸರ್ಪಯಾಗಕ್ಕೆ ಋತ್ವಿಜರನ್ನು ಕರೆಸುತ್ತಾನೆ. ಮೃಗದ ವಿಷಯವನ್ನು ಅವನು ಕೇಳುವುದಿಲ್ಲ.